ಹಾಲು, ಹಾಳು ಮತ್ತು ಒಂದು ಅಕ್ಷರದ ದೂರ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನಲ್ಲಿ ಅಲ್ಲಲ್ಲಿ ದಾರಿ ತಪ್ಪಿದ್ದೆ, ಅದನ್ನು ಸ್ವಲ್ಪ ಸರಿಮಾಡಿದ್ದೇನೆ. ಪೂರ್ತಿ ಮಾಡಿಲ್ಲ.)

ಮಾತು ಶುರು ಮಾಡುವ ಮೊದಲು ಬೋರ್ಡಿನ ಮೇಲೆ ಎರಡು ಪದ ಬರೆದೆ. ಹಾಲು. ಹಾಳು. ಜೋರಾಗಿ ಓದಿ ಅಂದೆ. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಒಂದು ಅಕ್ಷರ ಬದಲಾದರೆ ಏನಾಗುತ್ತದೆ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಬೋರ್ಡಿನ ಮೇಲೆ ತಪ್ಪು ತಿದ್ದೋದು ಸುಲಭ. ಒರೆಸಿ ಬರೆದರೆ ಆಯಿತು. ಅದೇ ತಪ್ಪು ಮೈಯೊಳಗೆ, ಲೆಕ್ಕವಿಲ್ಲದಷ್ಟು ಜೀವಕೋಶಗಳ ಡಿಎನ್‌ಎಯಲ್ಲಿ ಇದ್ದರೆ? ಯಾವ ಪುಟ, ಯಾವ ಸಾಲು, ಯಾವ ಅಕ್ಷರ ಅಂತ ಎಲ್ಲವೂ ಗೊತ್ತು. ಆದರೆ ಅಲ್ಲಿಗೆ ಕೈ ತಲುಪಬೇಕಲ್ಲ. ಅಣುಮಟ್ಟದ ವೈದ್ಯಶಾಸ್ತ್ರದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಏನು ಕಂಡುಹಿಡಿದರು ಅಂತ ಹೇಳುತ್ತಾರೆ. ನಾನು ಹೇಳಬೇಕು ಅಂದುಕೊಂಡಿದ್ದು ಆಮೇಲಿನ ಕಥೆ. ಕಂಡುಹಿಡಿದ ಮೇಲೆ ರೋಗಿಯ ತನಕ ತಲುಪೋಕೆ ಯಾಕೆ ಅಷ್ಟು ವರ್ಷ ಬೇಕಾಯಿತು?

ಸಿಕಲ್ ಸೆಲ್ ರೋಗದಿಂದಲೇ ಶುರು ಮಾಡೋಣ. 1910ರಲ್ಲಿ ಶಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ಒಬ್ಬ ರೋಗಿಯ ರಕ್ತದಲ್ಲಿ ಕುಡುಗೋಲಿನ ಹಾಗೆ ಬಾಗಿದ ಕೆಂಪು ಕಣಗಳನ್ನು ಕಂಡ ಬಗ್ಗೆ ಬರೆದರು. ಕಂಡಿದ್ದಷ್ಟೇ, ಕಾರಣ ತಿಳಿದಿರಲಿಲ್ಲ. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವರ ಜೊತೆಗಾರರು ರೋಗಿಗಳ ಹಿಮೋಗ್ಲೋಬಿನ್ನನ್ನೂ ಆರೋಗ್ಯವಂತರ ಹಿಮೋಗ್ಲೋಬಿನ್ನನ್ನೂ ಕರೆಂಟ್ ಹಾಯಿಸಿ ನೋಡಿದರು. ಎರಡೂ ಬೇರೆ ಬೇರೆ ರೀತಿ ಚಲಿಸಿದವು. ಅಂದರೆ ತೊಂದರೆ ಕಣದ ಆಕಾರದಲ್ಲಿ ಶುರುವಾಗಿದ್ದಲ್ಲ, ಒಳಗಿನ ಅಣುವಿನಲ್ಲೇ ಇದೆ. ಇದು "ಅಣುವಿನ ರೋಗ" ಅಂತ ಅವರ ಲೇಖನದ ತಲೆಬರಹದಲ್ಲೇ ಇತ್ತು. 1950ರ ದಶಕ ಮುಗಿಯುವ ಮೊದಲೇ ವರ್ನನ್ ಇನ್‌ಗ್ರಾಮ್ ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದರು. ಹಿಮೋಗ್ಲೋಬಿನ್ ಒಂದು ಪ್ರೋಟೀನ್, ಅದರ ಒಂದು ಭಾಗ ಬೀಟಾ ಸರಪಳಿ. ಆ ಸರಪಳಿಯಲ್ಲಿ ಮಣಿ ಪೋಣಿಸಿದ ಹಾಗೆ 146 ಅಮೈನೋ ಆಮ್ಲಗಳು. ಅದರಲ್ಲಿ ಆರನೆಯದು ಗ್ಲುಟಾಮಿಕ್ ಆಮ್ಲ ಇರಬೇಕಿತ್ತು, ವೇಲಿನ್ ಇತ್ತು. ಡಿಎನ್‌ಎ ಬರೆದಿರೋದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ. ಅಲ್ಲಿ ನೋಡಿದರೆ ಒಂದು ಎ ಇರಬೇಕಾದ ಜಾಗದಲ್ಲಿ ಟಿ. ಅಷ್ಟೇ.

ಇಲ್ಲಿ ಸ್ವಲ್ಪ ಹತ್ತಿರ ಹೋಗಿ ನೋಡೋಣ. ಒಂದು ಕೆಂಪು ಕಣದೊಳಗೆ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು ಒತ್ತಾಗಿ ತುಂಬಿವೆ, ಆದರೂ ಒಂದಕ್ಕೊಂದು ಅಂಟದೆ ಜಾರಿಕೊಂಡು ಓಡಾಡುತ್ತವೆ. ಗ್ಲುಟಾಮಿಕ್ ಆಮ್ಲಕ್ಕೆ ನೀರು ಅಂದರೆ ಇಷ್ಟ. ವೇಲಿನ್ ಎಣ್ಣೆಯ ಜಾತಿ, ನೀರಿನಿಂದ ತಪ್ಪಿಸಿಕೊಳ್ಳೋಕೆ ಜಾಗ ಹುಡುಕುತ್ತದೆ. ಹಿಮೋಗ್ಲೋಬಿನ್ ತಾನು ಹೊತ್ತ ಆಕ್ಸಿಜನ್ ಇಳಿಸಿದಾಗ ಅದರ ಮೈ ಸ್ವಲ್ಪ ತಿರುಚುತ್ತದೆ. ಆಗ ಪಕ್ಕದ ಅಣುವಿನ ಮೇಲೆ ವೇಲಿನ್‌ಗೆ ಸರಿಯಾಗಿ ಕೂರುವಂಥ ಒಂದು ಗುಳಿ ಬೀಳುತ್ತದೆ. ವೇಲಿನ್ ಅಲ್ಲಿ ಹೋಗಿ ಕೂರುತ್ತದೆ. ಆ ಅಣುವಿನ ವೇಲಿನ್ ಇನ್ನೊಂದರಲ್ಲಿ, ಅದರದ್ದು ಮತ್ತೊಂದರಲ್ಲಿ. ನೋಡನೋಡುತ್ತಲೇ ಹಗ್ಗ ಹೊಸೆದ ಹಾಗೆ ಉದ್ದನೆಯ ಎಳೆಗಳು ಬೆಳೆದು, ಮೆತ್ತಗೆ ದುಂಡಗಿದ್ದ ಕಣವನ್ನು ಒಳಗಿನಿಂದಲೇ ತಳ್ಳಿ ಕುಡುಗೋಲು ಮಾಡುತ್ತವೆ. ಕೂದಲಿಗಿಂತ ಸಪೂರದ ರಕ್ತನಾಳದಲ್ಲಿ ಇಂಥ ಕಣಗಳು ಸಿಕ್ಕಿಕೊಂಡರೆ ಹಿಂದಿನಿಂದ ಬರುವವೂ ಅಲ್ಲೇ ನಿಲ್ಲುತ್ತವೆ. ಮೂಳೆಯಲ್ಲಿ, ಎದೆಯಲ್ಲಿ, ಹೊಟ್ಟೆಯಲ್ಲಿ ತಡೆಯಲಾಗದ ನೋವು. 120 ದಿನ ಬಾಳಬೇಕಾದ ಕಣ 10-20 ದಿನದಲ್ಲಿ ಒಡೆದುಹೋಗುತ್ತದೆ. ಹಾಲು ಹೋಗಿ ಹಾಳಾಗೋದು ಅಂದರೆ ಇದು.

ಇಷ್ಟೆಲ್ಲ ಗೊತ್ತಾದ ಮೇಲೆ ಚಿಕಿತ್ಸೆ ಬಂದೇ ಬಿಡುತ್ತದೆ ಅಂತ ಅನ್ನಿಸುತ್ತದೆ. ಆದರೆ ಜೀನ್ ತಿದ್ದುವ ಮೊದಲ ಔಷಧಿಗೆ ಒಪ್ಪಿಗೆ ಸಿಕ್ಕಿದ್ದು 2023ರ ನವೆಂಬರ್ 16ರಂದು, ಬ್ರಿಟನ್‌ನಲ್ಲಿ. ಮುಂದಿನ ತಿಂಗಳು ಅಮೆರಿಕದಲ್ಲಿ. ಪಾಲಿಂಗ್ ಅವರ ಲೇಖನದಿಂದ ಲೆಕ್ಕ ಹಾಕಿದರೆ 74 ವರ್ಷ. ಕ್ಯಾಸ್‌ಜೆವಿ ಅನ್ನೋದು ಆ ಔಷಧಿಯ ಹೆಸರು.

ಮಜಾ ಏನಪ್ಪಾ ಅಂದರೆ, ಕ್ಯಾಸ್‌ಜೆವಿ ತಪ್ಪಿದ ಅಕ್ಷರವನ್ನು ಮುಟ್ಟೋದೇ ಇಲ್ಲ. ಬೇರೆ ಕಡೆ ಇನ್ನೊಂದನ್ನು ಬೇಕಂತಲೇ ಕೆಡಿಸುತ್ತದೆ.

ಯಾಕೆ ಅಂತ ಹೇಳುತ್ತೇನೆ. ಈ ರೋಗ ಇರುವ ಮಗು ಹುಟ್ಟಿದಾಗ ಚೆನ್ನಾಗೇ ಇರುತ್ತದೆ. ಕೆಲವು ತಿಂಗಳಾದ ಮೇಲೆ ತೊಂದರೆ ಶುರು. 1948ರಲ್ಲಿ ಜಾನೆಟ್ ವಾಟ್ಸನ್ ಎಂಬ ಮಕ್ಕಳ ವೈದ್ಯೆ ಇದನ್ನು ಗಮನಿಸಿ, ಬಸಿರಿನಲ್ಲಿದ್ದಾಗ ಮಗು ಬೇರೆಯೇ ಹಿಮೋಗ್ಲೋಬಿನ್ ಮಾಡಿಕೊಂಡಿರುತ್ತದೆ, ಅದೇ ಕಾಪಾಡುತ್ತಿದೆ ಅಂದರು. ಆ ಹಿಮೋಗ್ಲೋಬಿನ್‌ನಲ್ಲಿ ಬೀಟಾ ಸರಪಳಿಯೇ ಇಲ್ಲ, ಗಾಮಾ ಸರಪಳಿ ಇದೆ. ಹುಟ್ಟಿದ ಮೇಲೆ ಗಾಮಾ ಬಂದ್ ಆಗಿ ಬೀಟಾ ಚಾಲೂ ಆಗುತ್ತದೆ. ಬಂದ್ ಮಾಡುವವರು ಯಾರು? ಅದಕ್ಕೆ ಉತ್ತರ 2008ರ ತನಕ ಸಿಕ್ಕಿರಲಿಲ್ಲ. ಬಿಸಿಎಲ್‌11ಎ ಎಂಬ ಜೀನ್. ಅದರ ಕೈ ಕಟ್ಟಿದರೆ ಗಾಮಾ ಮತ್ತೆ ಎದ್ದು ಕೂರುತ್ತದೆ. ಆದರೆ ಅದನ್ನು ಪೂರ್ತಿ ಕಿತ್ತುಹಾಕುವ ಹಾಗಿಲ್ಲ, ಬೇರೆ ಜೀವಕೋಶಗಳಿಗೆ ಅದು ಬೇಕು. ಅದೃಷ್ಟಕ್ಕೆ ಕೆಂಪು ಕಣಗಳಾಗುವ ಕೋಶಗಳಲ್ಲಿ ಮಾತ್ರ ಅದನ್ನು ಚಾಲೂ ಮಾಡುವ ಒಂದು ಸಣ್ಣ ಸ್ವಿಚ್ ಡಿಎನ್‌ಎಯಲ್ಲೇ ಸಿಕ್ಕಿತು. ಕ್ಯಾಸ್‌ಜೆವಿಯಲ್ಲಿರುವ, ಡಿಎನ್‌ಎ ಕತ್ತರಿಸುವ ಕ್ರಿಸ್ಪರ್ ಕತ್ತರಿ ಬೀಳೋದು ಆ ಸ್ವಿಚ್ಚಿನ ಮೇಲೆ.

ಕ್ರಿಸ್ಪರ್ ಬಗ್ಗೆ ನೀವು ಕೇಳಿರುತ್ತೀರಿ. 2012ರಲ್ಲಿ ಎಮಾನ್ಯುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನಾ ತೋರಿಸಿಕೊಟ್ಟ ಕತ್ತರಿ, 2020ರ ನೊಬೆಲ್. ಅದು ಕತ್ತರಿಸೋದರಲ್ಲಿ ಗಟ್ಟಿ. ಕತ್ತರಿಸಿದ ಮೇಲೆ ಕೋಶ ತಾನೇ ಅವಸರಕ್ಕೆ ಎರಡು ತುದಿ ಹೊಲಿದುಕೊಳ್ಳುತ್ತದೆ, ಹೊಲಿಯುವಾಗ ಎಡವುತ್ತದೆ, ಸ್ವಿಚ್ ಕೆಡುತ್ತದೆ. ಕೆಡಿಸೋದು ಸುಲಭ. ಅಲ್ಲಿ ಸರಿಯಾದ ಅಕ್ಷರ ಬರೆಸೋದು ಕಷ್ಟ. ಸುಲಭದ ದಾರಿಯಲ್ಲಿ ಹೋಗಿ ಗೆದ್ದರು, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಈಗ ಈ ಚಿಕಿತ್ಸೆ ನಡೆಯುವ ರೀತಿ ನೋಡಿ. ರೋಗಿಯ ಮೂಳೆಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳಿವೆ. ಔಷಧಿ ಕೊಟ್ಟು ಅವುಗಳನ್ನು ರಕ್ತಕ್ಕೆ ಇಳಿಸುತ್ತಾರೆ. ಗಂಟೆಗಟ್ಟಲೆ ಮೆಷಿನ್‌ಗೆ ಕೂರಿಸಿ ಸೋಸಿ ತೆಗೆಯುತ್ತಾರೆ. ಒಂದು ಸಲಕ್ಕೆ ಸಾಕಾಗದಿದ್ದರೆ ಮತ್ತೆ. ಆ ಕೋಶಗಳು ದೂರದ ಲ್ಯಾಬ್‌ಗೆ ಹೋಗುತ್ತವೆ. ಅಲ್ಲಿ ಕ್ಷಣಕಾಲ ಕರೆಂಟ್ ಕೊಟ್ಟು ಕೋಶದ ಪೊರೆಯಲ್ಲಿ ಸಣ್ಣ ಕಿಂಡಿ ಬೀಳಿಸಿ ಕತ್ತರಿಯನ್ನು ಒಳಗೆ ತಳ್ಳುತ್ತಾರೆ. ಪರೀಕ್ಷೆಗಳೆಲ್ಲ ಮುಗಿದು ಕೋಶ ವಾಪಸ್ ಬರೋಕೆ ತಿಂಗಳುಗಳೇ ಹಿಡಿಯುತ್ತವೆ. ಬಂದವನ್ನು ಹಾಗೇ ಹಾಕಿದರೆ ಕೂರೋಕೆ ಜಾಗ ಇರೋದಿಲ್ಲ, ಹಳೆಯವರು ಮನೆ ತುಂಬಿಕೊಂಡಿರುತ್ತಾರೆ. ಅದಕ್ಕೆ ಬಿಸಲ್ಫಾನ್ ಎಂಬ ಕೀಮೋ ಕೊಟ್ಟು ಮಜ್ಜೆಯನ್ನು ಖಾಲಿ ಮಾಡುತ್ತಾರೆ. ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ಮುಂದೆ ಮಕ್ಕಳಾಗದೇ ಇರಬಹುದು. ಆಮೇಲೆ ತಿದ್ದಿದ ಕೋಶಗಳನ್ನು ರಕ್ತ ಏರಿಸುವ ಹಾಗೆ ಏರಿಸುತ್ತಾರೆ. ಇಡೀ ಕಥೆಯಲ್ಲಿ ಅದೊಂದೇ ನಿಮಿಷಗಳ ಕೆಲಸ. ಹೊಸ ಕೋಶಗಳು ನೆಲೆಯೂರುವ ತನಕ ಒಂದು ತಿಂಗಳು, ಒಂದೂವರೆ ತಿಂಗಳು ಆಸ್ಪತ್ರೆಯಲ್ಲೇ.

ಫಲ? ಅಮೆರಿಕದ ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ ಸಾಕಷ್ಟು ದಿನ ಗಮನಿಸಿ ನೋಡಿದ್ದು 31 ಜನರನ್ನು. ಅವರಲ್ಲಿ 29 ಜನರಿಗೆ ಕನಿಷ್ಠ ಒಂದು ವರ್ಷ ಒಂದೇ ಸಮನೆ ತೀವ್ರ ನೋವಿನ ದಾಳಿ ಬರಲಿಲ್ಲ. ವರ್ಷಕ್ಕೆ ಹಲವು ಸಲ ಆಸ್ಪತ್ರೆ ಸೇರುತ್ತಿದ್ದವರು ಇವರು. ನನಗೆ ಈ ಸಂಖ್ಯೆ ನೋಡಿದಾಗಲೆಲ್ಲ ಖುಷಿಯಾಗುತ್ತದೆ. ಆದರೆ ಸುದ್ದಿಗಳಲ್ಲಿ ಕತ್ತರಿಯ ಚಿತ್ರ ಜಾಸ್ತಿ, ಬಿಸಲ್ಫಾನ್ ಬಗ್ಗೆ ಮಾತು ಕಡಿಮೆ. ಚಿಕಿತ್ಸೆ ಬೇಕಾ ಬೇಡವಾ ಅಂತ ಕುಟುಂಬ ಕೂತು ಯೋಚಿಸುವಾಗ ತಲೆ ತಿನ್ನೋದು ಆ ಬಿಸಲ್ಫಾನೇ.

ಇದಕ್ಕೆ ತದ್ವಿರುದ್ಧವಾದ ಕಥೆಯೊಂದಿದೆ. 1960ರಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಒಂದು ಬಗೆಯ ರಕ್ತ ಕ್ಯಾನ್ಸರ್ ರೋಗಿಗಳಲ್ಲಿ ಒಂದು ಕ್ರೋಮೋಸೋಮ್ (ಡಿಎನ್‌ಎ ಸುತ್ತಿಟ್ಟ ಕಟ್ಟು) ಗಿಡ್ಡವಾಗಿರೋದನ್ನು ಕಂಡರು. ಫಿಲಡೆಲ್ಫಿಯಾದಲ್ಲಿ ಕಂಡಿದ್ದಕ್ಕೆ ಅದಕ್ಕೆ ಫಿಲಡೆಲ್ಫಿಯಾ ಕ್ರೋಮೋಸೋಮ್ ಅಂತಲೇ ಹೆಸರು. (ಈ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.) ಮುರಿದ ತುಂಡು ಎಲ್ಲಿ ಹೋಯಿತು ಅಂತ ಕಂಡುಕೊಂಡಿದ್ದು 1973ರಲ್ಲಿ ಜಾನೆಟ್ ರೌಲಿ. ಕ್ರೋಮೋಸೋಮ್‌ಗಳ ಫೋಟೋ ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಜೋಡಿಸಿ ನೋಡುತ್ತಿದ್ದರು. ಅಮ್ಮ ಕಾಗದದ ಗೊಂಬೆ ಆಡುತ್ತಾಳೆ ಅಂತ ಮಕ್ಕಳು ತಮಾಷೆ ಮಾಡುತ್ತಿದ್ದರಂತೆ. 9 ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡು ಅದಲು ಬದಲು ಮಾಡಿಕೊಂಡಿದ್ದವು. ಆ ಬೆಸುಗೆಯಲ್ಲಿ ಹುಟ್ಟಿದ ಪ್ರೋಟೀನ್ ಕೋಶಕ್ಕೆ "ಬೆಳೆ, ಬೆಳೆ" ಅಂತ ಬಿಡದೆ ಹೇಳುತ್ತಿರುತ್ತದೆ. ಅದರ ಬಾಯಿಗೆ ಬಿರಡೆ ಹಾಕುವ ಮಾತ್ರೆಯೇ ಇಮಾಟಿನಿಬ್, 2001ರಲ್ಲಿ ಬಂತು. ಔಷಧಿ ಕೆಲಸ ಮಾಡಿದವರು ಈಗ ಹೆಚ್ಚುಕಡಿಮೆ ಎಲ್ಲರಷ್ಟೇ ವರ್ಷ ಬದುಕುತ್ತಾರೆ. ಇಲ್ಲಿ ತಡವಾಗಿದ್ದು ಬಿರಡೆ ಕೆತ್ತೋದಕ್ಕೆ. ಕೆತ್ತಿದ ಮೇಲೆ ತಲುಪಿಸೋದಕ್ಕೆ ಒಂದು ಲೋಟ ನೀರು ಸಾಕಾಯಿತು. ಸಣ್ಣ ಅಣು ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಕೋಶಕ್ಕೆ ತಾನೇ ನುಸುಳುತ್ತದೆ.

ಜೀನ್ ತಿದ್ದುವ ಸಾಮಾನು ಹಾಗಲ್ಲ. ಇಮಾಟಿನಿಬ್ ಬಟಾಣಿ ಅಂದುಕೊಂಡರೆ ಇದು ಬೀರು. ಬಾಗಿಲು ದೊಡ್ಡದಿರಬೇಕು, ಹೊರೋಕೆ ಆಳಿರಬೇಕು, ದಾರಿಯಲ್ಲಿ ಕಾವಲುಗಾರರು ಹಿಡಿಯಬಾರದು.

ಮೈಯಲ್ಲಿ ಅಂಥ ದೊಡ್ಡ ಬಾಗಿಲು ಇರೋದು ಲಿವರ್‌ಗೆ. ರಕ್ತ ಸೋಸೋದೇ ಅದರ ಕೆಲಸ, ಹರಿದು ಬಂದದ್ದನ್ನೆಲ್ಲ ಒಳಗೆ ಎಳೆದುಕೊಳ್ಳುವ ಅಭ್ಯಾಸ. ಕೊಬ್ಬಿನ ಸಣ್ಣ ಗುಳಿಗೆಯೊಳಗೆ ಎಂಆರ್‌ಎನ್‌ಎ (ಯಾವ ಪ್ರೋಟೀನ್ ಮಾಡಬೇಕು ಅಂತ ಕೋಶಕ್ಕೆ ಹೇಳುವ ಸಂದೇಶ) ಇಟ್ಟು ರಕ್ತಕ್ಕೆ ಬಿಟ್ಟರೆ, ರಕ್ತದಲ್ಲಿ ಕೊಲೆಸ್ಟ್ರಾಲ್ ಸಾಗಿಸುವ ಪ್ರೋಟೀನೊಂದು ಗುಳಿಗೆಯ ಮೇಲೆ ಅಂಟಿಕೊಳ್ಳುತ್ತದೆ. ಲಿವರ್ ಅದನ್ನು ಕೊಲೆಸ್ಟ್ರಾಲ್ ಅಂತಲೇ ತಿಳಿದು ಬಾಗಿಲು ತೆಗೆಯುತ್ತದೆ. ಇನ್ನೊಂದು ಉಪಾಯ, ಔಷಧಿಗೆ ಒಂದು ವಿಶೇಷ ಸಕ್ಕರೆಯ ಬಾಲ ಕಟ್ಟೋದು. ಆ ಸಕ್ಕರೆ ಹಿಡಿಯುವ ಕೊಕ್ಕೆ ಲಿವರ್ ಕೋಶಗಳ ಮೇಲೆ ಲಕ್ಷಗಟ್ಟಲೆ ಇವೆ. ಕೊಲೆಸ್ಟ್ರಾಲ್ ಇಳಿಸುವ ಇನ್‌ಕ್ಲಿಸಿರಾನ್ ಇಂಜೆಕ್ಷನ್ ಹೀಗೇ ಹೋಗುತ್ತದೆ. ಕೊಲೆಸ್ಟ್ರಾಲ್ ಏರಿಸುವ ಪಿಸಿಎಸ್‌ಕೆ9 ಎಂಬ ಜೀನ್‌ನ ಸಂದೇಶವನ್ನು ಕೋಶದೊಳಗೇ ಹರಿದುಹಾಕುತ್ತದೆ. ಮೊದಲ ಎರಡು ಡೋಸ್ ಆದ ಮೇಲೆ ವರ್ಷಕ್ಕೆ ಎರಡೇ ಸಲ ಚುಚ್ಚಿಸಿಕೊಂಡರೆ ಸಾಕು.

ಹಾಗಾದರೆ ಆ ಪಿಸಿಎಸ್‌ಕೆ9 ಜೀನನ್ನೇ ಒಂದೇ ಸಲ ತಿದ್ದಿಬಿಟ್ಟರೆ? ಜನರ ಮೇಲೆ ಪ್ರಯೋಗ ನಡೆಯುತ್ತಿದೆ. 2024ರಲ್ಲಿ ಅಂಥ ಒಂದು ಪ್ರಯೋಗಕ್ಕೆ ಹೊಸಬರನ್ನು ಸೇರಿಸಿಕೊಳ್ಳೋದನ್ನು ನಿಲ್ಲಿಸಬೇಕಾಯಿತು. ಒಬ್ಬ ರೋಗಿಯಲ್ಲಿ ಲಿವರ್ ಎನ್ಜೈಮ್ ಏರಿತು, ಪ್ಲೇಟ್‌ಲೆಟ್ ಇಳಿಯಿತು. ಸಂಶಯ ಹೋಗಿದ್ದು ತಿದ್ದುವ ಸಾಧನದ ಮೇಲಲ್ಲ, ಅದನ್ನು ಹೊತ್ತೊಯ್ದ ಕೊಬ್ಬಿನ ಗುಳಿಗೆಯ ಮೇಲೆ. ಬೇರೆ ಗುಳಿಗೆಯಲ್ಲಿಟ್ಟು ಮತ್ತೆ ಹೊರಟರು. ಪತ್ರ ಸರಿಯಾಗಿತ್ತು, ಲಕೋಟೆಯದ್ದೇ ತಕರಾರು.

ಲಕೋಟೆಯ ತಕರಾರು ಜೀವವನ್ನೇ ತೆಗೆದಿದ್ದೂ ಇದೆ. ಫಿಲಡೆಲ್ಫಿಯಾ, 1999ರ ಸೆಪ್ಟೆಂಬರ್. ಜೆಸ್ಸಿ ಗೆಲ್ಸಿಂಗರ್, 18 ವರ್ಷದ ಹುಡುಗ. ನಾವು ತಿಂದ ಪ್ರೋಟೀನಿನಿಂದ ಉಳಿಯುವ ಅಮೋನಿಯಾವನ್ನು ಲಿವರ್ ಯೂರಿಯಾ ಮಾಡಿ ಹೊರಹಾಕಬೇಕು. ಅವನ ಲಿವರ್‌ನಲ್ಲಿ ಆ ಕೆಲಸದ ಒಂದು ಎನ್ಜೈಮ್ ಸರಿಯಿರಲಿಲ್ಲ. ಪಥ್ಯ, ಮಾತ್ರೆಗಳಿಂದ ಹೇಗೋ ನಡೆಯುತ್ತಿತ್ತು. ಪ್ರಯೋಗದಿಂದ ತನಗೆ ಲಾಭವಿಲ್ಲ, ಇದೇ ರೋಗ ತೀವ್ರವಾಗಿ ಬಂದು ಹುಟ್ಟುವ ಶಿಶುಗಳಿಗೆ ಮುಂದೆ ಆಗಬಹುದು ಅಂತ ಗೊತ್ತಿದ್ದೇ ಒಪ್ಪಿದ್ದ. ಸರಿಯಾದ ಜೀನನ್ನು ಅಡಿನೋವೈರಸ್‌ನ ಮೈಯಲ್ಲಿಟ್ಟು ಲಿವರ್‌ಗೆ ಬಿಟ್ಟರು. ಅವನ ಮೈ ಆ ವೈರಸ್ಸಿನ ಮೇಲೆ ತಿರುಗಿಬಿತ್ತು. ನಾಲ್ಕು ದಿನದಲ್ಲಿ ತೀರಿಕೊಂಡ. ಜೀನ್ ಚಿಕಿತ್ಸೆ ಎಂಬ ಮಾತು ಆಡೋಕೇ ಜನ ಹಿಂಜರಿದರು, ವರ್ಷಗಟ್ಟಲೆ.

ಅದೇ ಊರು, 2025. ಅದೇ ಅಮೋನಿಯಾದ ತೊಂದರೆ, ಅದೇ ಸರಣಿಯ ಬೇರೊಂದು ಎನ್ಜೈಮ್. ಸುದ್ದಿಗಳಲ್ಲಿ ಕೆಜೆ ಅಂತ ಕರೆಯುವ ಮಗುವಿಗೆ ಹುಟ್ಟಿದ ವಾರದಲ್ಲೇ ರೋಗ ಪತ್ತೆಯಾಯಿತು. ಸಿಪಿಎಸ್1 ಎಂಬ ಜೀನ್‌ನಲ್ಲಿ ಒಂದು ಅಕ್ಷರ ತಪ್ಪಿ, ಅರ್ಧ ವಾಕ್ಯದಲ್ಲೇ ಪೂರ್ಣವಿರಾಮ ಬಿದ್ದಿತ್ತು. ಕಿರಣ್ ಮುಸುನೂರು ಮತ್ತು ರೆಬೆಕಾ ಅರೆನ್ಸ್-ನಿಕ್ಲಾಸ್ ಅವರ ತಂಡ ಆ ಒಂದು ಮಗುವಿನ ಆ ಒಂದು ಅಕ್ಷರಕ್ಕೆ ಅಂತಲೇ ಔಷಧಿ ಮಾಡಿತು. ಸುಮಾರು ಆರು ತಿಂಗಳಲ್ಲಿ. ಈ ಸಲ ಕತ್ತರಿಯಲ್ಲ. ಡಿಎನ್‌ಎಯ ಎರಡೂ ಎಳೆ ಕತ್ತರಿಸದೆ ಒಂದು ಅಕ್ಷರವನ್ನು ಮಾತ್ರ ಬದಲಿಸುವ ಬೇಸ್ ಎಡಿಟರ್. ಹೊತ್ತೊಯ್ದದ್ದು ವೈರಸ್ಸಲ್ಲ, ಕೊಬ್ಬಿನ ಗುಳಿಗೆ. ಫೆಬ್ರವರಿಯಲ್ಲಿ ಮೊದಲ ಡೋಸ್, ಆಮೇಲೆ ಇನ್ನೆರಡು. ಮೂರು ಸಲ ಕೊಡೋಕೆ ಸಾಧ್ಯವಾಗಿದ್ದೂ ಗುಳಿಗೆಯಿಂದಲೇ. ವೈರಸ್ಸಾದರೆ ಎರಡನೇ ಸಲಕ್ಕೆ ಮೈ ಗುರುತು ಹಿಡಿದು ಬಾಗಿಲಲ್ಲೇ ತಡೆಯುತ್ತದೆ. ಮಗು ಹೆಚ್ಚು ಪ್ರೋಟೀನ್ ತಡೆದುಕೊಳ್ಳುವ ಹಾಗಾಯಿತು, ಅಮೋನಿಯಾದ ಔಷಧಿ ಕಡಿಮೆ ಮಾಡಲಾಯಿತು. ಪೂರ್ತಿ ವಾಸಿ ಅಂತ ಯಾರೂ ಹೇಳಿಲ್ಲ, ವರ್ಷಗಳ ಕಾಲ ನೋಡಬೇಕು.

ಈ ಎರಡು ಕಥೆಗಳ ನಡುವಿನ 26 ವರ್ಷದಲ್ಲಿ ಲಿವರ್ ಏನೂ ಬದಲಾಗಿಲ್ಲ. ಹೊರುವವರು ಬದಲಾದರು.

ಲಿವರ್ ಬಿಟ್ಟು ಬೇರೆ ಕಡೆ? ಮಿದುಳಿಗೆ ಗಟ್ಟಿ ಕಾವಲು. ಮಕ್ಕಳ ಸ್ನಾಯು ಸೊರಗಿಸುವ ಎಸ್‌ಎಂಎ ರೋಗಕ್ಕೆ 2016ರಲ್ಲಿ ಬಂದ ನುಸಿನರ್ಸೆನ್ ಔಷಧಿಯನ್ನು ಬೆನ್ನುಹುರಿಯ ಸುತ್ತಲಿನ ನೀರಿಗೇ ಚುಚ್ಚಬೇಕು, ನಾಲ್ಕು ತಿಂಗಳಿಗೊಮ್ಮೆ, ಬದುಕಿರುವ ತನಕ. ಮೂಳೆಮಜ್ಜೆಗೆ ನೇರವಾಗಿ ಗುಳಿಗೆ ಕಳಿಸುವ ಕೆಲಸ ಲ್ಯಾಬ್‌ಗಳಲ್ಲಿ ಜೋರಾಗಿ ನಡೆಯುತ್ತಿದೆ. ಅದು ಆದರೆ ಬಿಸಲ್ಫಾನ್ ಬೇಡ, ತಿಂಗಳುಗಳ ಕಾಯುವಿಕೆ ಬೇಡ. ನನಗೆ ಇವತ್ತು ಯಾವ ಸಂಶೋಧನೆಯ ಮೇಲೆ ಜಾಸ್ತಿ ಕಣ್ಣು ಅಂತ ಕೇಳಿದರೆ, ಹೊಸ ಕತ್ತರಿಗಳಿಗಿಂತ ಇದರ ಮೇಲೆ.

ತಲುಪೋದು ಅನ್ನೋದಕ್ಕೆ ಇನ್ನೊಂದು ಅರ್ಥವೂ ಇದೆ. ಕ್ಯಾಸ್‌ಜೆವಿಗೆ ಅಮೆರಿಕದಲ್ಲಿ ಇಟ್ಟ ಬೆಲೆ 22 ಲಕ್ಷ ಡಾಲರ್. ಸಿಕಲ್ ಸೆಲ್ ಇರುವ ಹೆಚ್ಚಿನ ಮಕ್ಕಳು ಹುಟ್ಟೋದು ಆಫ್ರಿಕಾದಲ್ಲಿ. ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಮಾತ್ರೆಯೊಂದಿದೆ. ಅಗ್ಗ. ಅದು ಮಾಡೋದೂ ಮುಖ್ಯವಾಗಿ ಅದನ್ನೇ, ಬಸಿರಿನ ಹಿಮೋಗ್ಲೋಬಿನ್ನನ್ನು ಸ್ವಲ್ಪ ಎಬ್ಬಿಸೋದು. ಅಂಗೋಲಾ, ಕಾಂಗೋ, ಕೀನ್ಯಾ, ಉಗಾಂಡಾಗಳ ಮಕ್ಕಳಲ್ಲಿ ನಡೆದ ಪ್ರಯೋಗದ ಫಲ 2019ರಲ್ಲಿ ಪ್ರಕಟವಾಯಿತು. ನೋವು ಕಡಿಮೆಯಾಯಿತು, ಸೋಂಕು ಕಡಿಮೆಯಾಯಿತು, ಸಾವೂ ಕಡಿಮೆಯಾಯಿತು. ಕ್ಯಾಸ್‌ಜೆವಿಯಷ್ಟು ಜೋರಲ್ಲ ನಿಜ. ಆದರೆ ಮಾತ್ರೆ ಕೈಗೆ ಸಿಗುತ್ತದೆ. ಈ ಪ್ರಯೋಗ ಮೊದಲ ಪುಟದ ಸುದ್ದಿಯಾಗಬೇಕಿತ್ತು ಅನ್ನೋದು ನನ್ನ ಗೊಣಗಾಟ.

ಕೊನೆಗೆ ಪ್ರಶ್ನೆಗಳು ಬಂದವು. ಡಯಾಬಿಟಿಸ್‌ಗೂ ಹೀಗೇ ಜೀನ್ ತಿದ್ದಬಹುದಾ ಅಂತ ಒಬ್ಬರು ಕೇಳಿದರು. ಸಾಮಾನ್ಯವಾಗಿ ದೊಡ್ಡವರಿಗೆ ಬರುವ ಡಯಾಬಿಟಿಸ್‌ನಲ್ಲಿ ತಪ್ಪಿದ ಒಂದು ಅಕ್ಷರ ಅಂತ ಇಲ್ಲ. ನೂರಾರು ಕಡೆ ಚೂರುಚೂರು ಒಲವು, ಮೇಲೆ ಊಟ, ತೂಕ, ವಯಸ್ಸು. ಯಾವುದನ್ನು ತಿದ್ದೋದು? ಜೀನ್ ಟೆಸ್ಟ್ ಸುಮ್ನೆ ಮಾಡಿಸಿಕೊಂಡರೆ ಒಳ್ಳೆಯದಾ ಅಂತ ಇನ್ನೊಬ್ಬರು. ಫಲಿತಾಂಶ ನೋಡಿ ಡಾಕ್ಟರ್ ಏನಾದರೂ ಬದಲಿಸುವ ಹಾಗಿದ್ದರೆ ಮಾಡಿಸಿ. ಫಿಟ್ಸ್‌ಗೆ ಕೊಡುವ ಕಾರ್ಬಮಾಜೆಪೀನ್ ಮಾತ್ರೆ ಒಂದು ಜೀನ್ ಬಗೆ ಇದ್ದವರಿಗೆ ಚರ್ಮ ಸುಲಿದುಹೋಗುವಂಥ ರಿಯಾಕ್ಷನ್ ತರಬಹುದು. ಆ ಬಗೆ ಏಷ್ಯಾದ ಹಲವು ಕಡೆಯ ಜನರಲ್ಲಿ ಜಾಸ್ತಿ. ಅಲ್ಲಿ ಟೆಸ್ಟ್‌ಗೆ ಅರ್ಥ ಇದೆ. ಸುಮ್ನೆ ಕುತೂಹಲಕ್ಕೆ ಮಾಡಿಸಿದ ರಿಪೋರ್ಟು ಬೀರುವಿನಲ್ಲಿ ಕೂರುತ್ತದೆ, ಚಿಂತೆ ತಲೆಯಲ್ಲಿ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ಅವತ್ತಿನ ಎಲ್ಲ ಪ್ರಶ್ನೆಗಳಿಗಿಂತ ಚುರುಕಾಗಿತ್ತು. "ಕ್ಯಾಸ್‌ಜೆವಿ ತೆಗೆದುಕೊಂಡವರಲ್ಲಿ ಆ ತಪ್ಪು ಅಕ್ಷರ ಈಗಲೂ ಹಾಗೇ ಇರುತ್ತಾ ಸರ್?"

ಇರುತ್ತದಮ್ಮ. ಪ್ರತಿಯೊಂದು ಕೋಶದಲ್ಲೂ. ಅವರ ರಕ್ತದಲ್ಲಿ ಕುಡುಗೋಲಿನ ಹಿಮೋಗ್ಲೋಬಿನ್ ಈಗಲೂ ಇದೆ, ಜೊತೆಗೆ ಬಸಿರಿನ ಹಿಮೋಗ್ಲೋಬಿನ್ ಸಾಕಷ್ಟು ಇರೋದರಿಂದ ಎಳೆ ಹೊಸೆಯೋಕೆ ಬಿಡುತ್ತಿಲ್ಲ. ಅಂಡಾಣು, ವೀರ್ಯಾಣುಗಳನ್ನಂತೂ ಯಾರೂ ಮುಟ್ಟಿಲ್ಲ. ಹಾಗಾಗಿ ನೋವಿಲ್ಲದೆ ಓಡಾಡಿಕೊಂಡಿರುವ ಆ ವ್ಯಕ್ತಿಗೆ ಮಕ್ಕಳಾದರೆ ಆ ಅಕ್ಷರ ಮಗುವಿಗೆ ಹೋಗುತ್ತದೆ. ಸಂಗಾತಿಯಲ್ಲೂ ಅದರ ಒಂದು ಪ್ರತಿ ಇದ್ದರೆ, ಪ್ರತಿ ಬಸಿರಿನಲ್ಲೂ ರೋಗ ಬರುವ ಸಾಧ್ಯತೆ ಅರ್ಧಕ್ಕರ್ಧ. ಸಂಗಾತಿಯ ರಕ್ತ ಟೆಸ್ಟ್ ಮಾಡಿಸಬೇಕು. ಆ ಟೆಸ್ಟನ್ನು ಎಷ್ಟೋ ಲ್ಯಾಬ್‌ಗಳಲ್ಲಿ ಇವತ್ತಿಗೂ 1949ರಲ್ಲಿ ಪಾಲಿಂಗ್ ಮಾಡಿದ ಹಾಗೇ ಮಾಡುತ್ತಾರೆ. ಒಂದು ಹನಿ ರಕ್ತ, ಸ್ವಲ್ಪ ಕರೆಂಟ್, ಯಾವ ಹಿಮೋಗ್ಲೋಬಿನ್ ಎಷ್ಟು ದೂರ ಹೋಯಿತು ಅಂತ ನೋಡೋದು.